ಕುಷ್ಟನ ದೋಣಿಯ ಬಾವುಟ

ಗಂಗೊಳ್ಳಿಯ ಸುಗುಣಳ ಹೊಲಿಗೆಯ ಬಗ್ಗೆ ಎರಡು ಮಾತಿಲ್ಲ. ಊರಿನ ಅರ್ಧಕ್ಕರ್ಧ ದೋಣಿಗಳ ಬಾವುಟ ಅವಳ ಸೂಜಿಯಿಂದಲೇ ಬಂದವು. ಬಾವುಟ ಅಂದರೆ ಚಂದಕ್ಕಲ್ಲ ಮಾರಾಯ್ರೆ! ಬರುವ ದೋಣಿ ಯಾರದ್ದೆಂದು ದಡದವರಿಗೆ ತಿಳಿಯುವುದೇ ಅದರಿಂದ. ಹೊಳೆ ಕಡಲು ಸೇರುವ ಅಳಿವೆ ಬಾಯಿಯ ಮರಳು ವರ್ಷವರ್ಷವೂ ಜಾಗ ಬದಲಿಸುತ್ತದೆ. ಅದಕ್ಕೇ ಗಾಳಿಯ ದಿನ ದೋಣಿಯ ಮನೆಯವರೊಬ್ಬರು ಆಳವಿದ್ದ ಕಡೆಗೆ ದಡದ ಮೇಲೆ ನಡೆದು ತೋರಿಸಬೇಕು. ದೋಣಿ ಅವರ ಜೊತೆಗೇ ಸಾಗಿ, ಅವರು ನಿಂತಲ್ಲಿ ಒಳಗೆ ನುಗ್ಗಬೇಕು. ಅವರವರ ದೋಣಿಗೆ ಅವರವರ ಮನೆಯವರು.

ಯುದ್ಧದ ಕಾಲ, ಬಟ್ಟೆಗೂ ರೇಷನ್. ನಲವತ್ತನಾಲ್ಕರಲ್ಲಿ ಗಂಡ ಕುಷ್ಟನ ಹೊಸ ದೋಣಿಗೆಂದು ಅವಳು ಕುಂದಾಪುರದ ರತ್ನಾಕರನ ಅಂಗಡಿಗೆ ಹೋದಳು. ಸಿಕ್ಕಿದ್ದು ದಟ್ಟ ಹಸಿರು, ದಟ್ಟ ಕೆಂಪು. ಹಸಿರಿನ ನಡುವೆ ಕೆಂಪು ಸೂರ್ಯನನ್ನು ಹೊಲಿದಳು. ಅಂಗಳದಲ್ಲಿ ಹರಡಿದರೆ ಕಣ್ಣು ಕುಕ್ಕುವಂತಿತ್ತು. ಅತ್ತೆ ಮಾತ್ರ ಕಣ್ಣನ್ನು ಅರ್ಧ ಮುಚ್ಚಿ ನೋಡಿದರು.

"ಹೆಣ್ಣೇ, ಕಣ್ಣ್ ಸಣ್ಣ ಮಾಡಿ ಕಾಣ್. ಎರಡೂ ಒಂದೇ ಕಪ್ಪ್. ದೂರಕ್ಕೆ ಗುರ್ತ ಸಿಕ್ಕುದಿಲ್ಲ. ಒಂದಾದ್ರೂ ತೆಳು ಬಣ್ಣ ಬೇಕ್."

"ನಿಮ್ಮ ಕಣ್ಣಿಗೆ ಪೊರೆ ಬಂದಿತ್ತ್ ಅತ್ತೆ" ಎಂದು ಸುಗುಣ ನಕ್ಕಳು. ಅಯ್ಯೋ, ಆ ನಗು!

ಕಾರ್ತಿಕದ ಒಂದು ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಸುಗುಣ ಅಳಿವೆಗೆ ಓಡಿದಳು. ಆಳದ ದಾರಿ ಅವಳ ಎದುರಿಗೇ ಇತ್ತು; ತೋರಿಸಲು ಅಲ್ಲೇ ನಿಂತರೆ ಸಾಕಿತ್ತು. ಮಳೆಯ ಮಬ್ಬಿನಲ್ಲಿ ಒಂದು ದೋಣಿ ಕಂಡಿತು. ಮೇಲೆ ಕಪ್ಪು ಬಾವುಟ, ಸೂರ್ಯ ಇಲ್ಲ. ಊರಿನಲ್ಲಿ ಕಪ್ಪು ಬಾವುಟ ಇದ್ದದ್ದು ಕರಿಯನ ದೋಣಿಗೆ. ನಮ್ಮದಲ್ಲ ಎಂದುಕೊಂಡು ಅವಳು ಬಡಗು ದಿಕ್ಕಿನಲ್ಲಿದ್ದ ತನ್ನ ಮನೆಯ ಕಡೆ ನಡೆದಳು. ದೋಣಿ ಮರಳಿಗೆ ಬಡಿದು ಮಗುಚಿತು. ಅದರಲ್ಲಿದ್ದ ಮೈದುನ ನಾಗ ಈಜಿ ದಡ ಸೇರಿದ. ಕುಷ್ಟ ಸೇರಲಿಲ್ಲ.

ಅತ್ತಳೇ ಎಂದರೆ ಇಲ್ಲ. ಉಂಡಳು, ಮಲಗಿದಳು, ಹೊಲಿದಳು. ತಾನು ಅಲ್ಲಿ ನಿಂತಿದ್ದ ಸಂಗತಿ ಯಾರಿಗೂ ಹೇಳಲಿಲ್ಲ. ತಪ್ಪು ತನ್ನದೆಂದು ಗೊತ್ತಿತ್ತು. ಗೊತ್ತಿದ್ದೂ ಒಳಗೆ ಏನೂ ಆಗುತ್ತಿರಲಿಲ್ಲ. ಅದೊಂದೇ ಅವಳಿಗೆ ಹೆದರಿಕೆ.

ಮರುವರ್ಷ ನಾಗ ಅದೇ ದೋಣಿಯನ್ನು ರಿಪೇರಿ ಮಾಡಿಸಿದ. ಹಸಿರು, ಕೆಂಪು ಬಟ್ಟೆ ತಂದು ಅವಳ ಮುಂದಿಟ್ಟ.

"ಅತ್ಗೆ, ಅಣ್ಣಂದೇ ನಮೂನಿ ಹೊಲ್ದ್ ಕೊಡಿ. ನಾಳೆ ಕಡ್ಲಿಗೆ ಇಳಿತೆ."

ಸುಗುಣ ಕಣ್ಣು ಸಣ್ಣ ಮಾಡಿದಳು. ಹಸಿರಿನಲ್ಲಿ ಕೆಂಪು ಮುಳುಗಿಹೋಯಿತು. ಸುಮ್ಮನೆ ಹೊಲಿದುಕೊಟ್ಟರೆ ತನ್ನ ಮಾನ ಉಳಿಯುತ್ತದೆ; ಇವನು ಉಳಿಯುತ್ತಾನೋ ಇಲ್ಲವೋ.

"ಕೆಂಪು ಬ್ಯಾಡ."

"ಎಂತಕ್ಕೆ? ಅಣ್ಣನ ಗುರ್ತ ಅಲ್ದಾ?"

"ದೂರಕ್ಕೆ ಕಾಣುದಿಲ್ಲ ನಾಗ. ಅವತ್ತ್ ನಾನ್ ಅಳಿವೆಯಲ್ಲೇ ಇದ್ದಿದ್ದೆ. ದೋಣಿ ಕಂಡೆ. ಕರಿಯಂದ್ ಅಂದ್ಕಂಡ್ ಮನಿಗೆ ಹೋದೆ." ಅಂಗಡಿಯ ಸಾಮಾನಿನ ಪಟ್ಟಿ ಹೇಳಿದ ಹಾಗೆ ಹೇಳಿಬಿಟ್ಟಳು.

ನಾಗ ಕೆಂಪು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ.

"ನೀವ್ ನಮ್ಗೆ ಕಂಡಿದ್ರಿ ಅತ್ಗೆ. ಆ ಮಬ್ಬಿನಲ್ಲೂ ನಿಮ್ಮ ಅರಶಿನ ಸೀರೆ ಸಮಾ ಕಾಣ್ತಿತ್ತ್. ನೀವ್ ಬಡಗಕ್ಕೆ ನಡೆದ್ರಿ. 'ಕಾಣಾ, ನಮ್ಮ ಸುಗುಣ ದಾರಿ ತೋರ್ಸ್ತಿತ್ತ್' ಅಂದ ಅಣ್ಣ. ನಿಮ್ಮ ಬೆನ್ನ್ ಹಿಡ್ದೇ ದೋಣಿ ತಿರ್ಗ್ಸ್ದ."

ಸುಗುಣ ಎದ್ದು ಪೆಟ್ಟಿಗೆ ತೆರೆದಳು. ಅಂದಿನಿಂದ ಉಡದೆ ಇಟ್ಟಿದ್ದ ಅರಶಿನ ಸೀರೆಯನ್ನು ತಂದು ಹಸಿರಿನ ಮೇಲೆ ಹಾಸಿದಳು. ಕಣ್ಣು ಅರ್ಧ ಮುಚ್ಚಿ ನೋಡಿದಳು. ಹಸಿರು ಕಪ್ಪಾಯಿತು, ಅರಶಿನ ಹಾಗೇ ನಿಂತಿತು. ಸೀರೆಗೆ ಕತ್ತರಿ ಇಟ್ಟಳು.

"ಸೂರ್ಯ ಎಷ್ಟ್ ದೊಡ್ಡದ್ ಮಾಡ್ಲಿ?" ಎಂದು ಕೇಳಿದಳು.