ಉಯ್ಯಂಬಳ್ಳಿಯಿಂದ ಸೋಲೂರಿಗೆ, ತುಟಿ ಬಿಚ್ಚದೆ

ಚನ್ನಪಟ್ಟಣದಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಹತ್ತೂಕಾಲು. ಮದ್ದೂರಿನಲ್ಲಿ ವಡೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಹೊರಟವಳು ಎರಡು ತಿಂದು ಬಂದಿದ್ದೆ. ಫೆಬ್ರವರಿಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಬಗಲಚೀಲದಲ್ಲಿ ಗಿಡ ಒತ್ತಿಡಲು ಹಳೇ ಪೇಪರು, ಒಂದು ಕತ್ತರಿ, ನೀರಿನ ಬಾಟಲಿ, ಪ್ರಶ್ನೆಗಳ ಒಂದು ಕಂತೆ ಫಾರಂ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಧಾರಾವಾಹಿ ನೋಡುವ ತಾಳ್ಮೆ ನನಗಿಲ್ಲ. ಮೈಸೂರಿನ ಒಂದು ಸಂಸ್ಥೆಯವರು ಮಂಡಿನೋವು, ಚರ್ಮದ ಕಾಯಿಲೆ, ಕಾಮಾಲೆ ಇಂಥವಕ್ಕೆ ಹಳ್ಳಿಗಳಲ್ಲಿ ಕೊಡುವ ಮದ್ದುಗಳನ್ನು ಬರೆದಿಟ್ಟು, ಯಾವುದರಲ್ಲಿ ಸತ್ವ ಇದೆ, ಯಾವುದರಲ್ಲಿ ಇಲ್ಲ ಎಂದು ಪರೀಕ್ಷಿಸುವ ಕೆಲಸ ಹಿಡಿದಿದ್ದಾರೆ. ರಾಮನಗರ ಸೀಮೆಗೆ ಯಾರು ಹೋಗುತ್ತೀರಿ ಎಂದಾಗ ನಾನೇ ಕೈ ಎತ್ತಿದೆ. ಅವರಿಗೆ ಹೇಳಿದ ಕಾರಣ ಒಂದು, ನನ್ನದು ಇನ್ನೊಂದು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೇಳಿಬಿಡುತ್ತೇನೆ.

ನಮ್ಮೂರು ಮಾಗಡಿ ತಾಲ್ಲೂಕಿನ ಸೋಲೂರು. ನಲವತ್ತೆರಡು ವರ್ಷದ ಹಿಂದೆ ನನ್ನ ತಮ್ಮ ಸೋಮನಿಗೆ ಕಾಮಾಲೆ ಬಂತು. ಕನಕಪುರದಾಚೆ ಉಯ್ಯಂಬಳ್ಳಿ ಹತ್ತಿರ ದೊಡ್ಡತಾಯಮ್ಮ ಅನ್ನೋರು ಸೊಪ್ಪು ಕೊಡುತ್ತಾರೆ ಎಂದು ಯಾರೋ ಅಂದರು. ಅದಕ್ಕೊಂದು ನೇಮ. ಒಡಹುಟ್ಟಿದವರೇ, ಅದೂ ಒಬ್ಬರೇ ಹೋಗಿ ತರಬೇಕು. ಮದ್ದು ಕೈಗೆ ಬಂದಮೇಲೆ ಅದು ರೋಗಿಯ ಬಾಯಿಗೆ ಬೀಳುವ ತನಕ ತಂದವರು ತುಟಿ ಬಿಚ್ಚಬಾರದು, ಹಿಂದಕ್ಕೆ ತಿರುಗಬಾರದು. ಹತ್ತೊಂಬತ್ತು ವರ್ಷದ ನಾನು ಹೋದೆ. ಬರುವಾಗ ಮಾಗಡಿ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ, ಎಲ್ಲಿಗೆ ಎಂದು ಮೂರು ಸಲ ಗದರಿದ. "ಸೋಲೂರು" ಎಂದುಬಿಟ್ಟೆ. ಅದೊಂದೇ ಮಾತು. ಮಾರನೆಯ ದಿನ ಸೋಮ ಹೋದ.

ಮಾತಾಡಿದರೆ ಸೊಪ್ಪಿನ ಸತ್ವ ಹೋಗುವುದಿಲ್ಲ ಎಂಬುದು ಪಾಠ ಹೇಳಿದವಳಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಆ ಮಾತನ್ನು ಮದ್ದು ಕೊಡುವವರೊಬ್ಬರ ಬಾಯಿಂದ ಕೇಳಬೇಕಿತ್ತು. ಅವ್ವನನ್ನು ಮೈಸೂರಿಗೇ ಕರೆತಂದು ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚುವವರೆಗೂ ಆಗಾಗ ಕೇಳುತ್ತಿದ್ದಳು, "ದಾರೀಲಿ ಬಾಯ್ ಬುಡ್ಲಿಲ್ಲ ತಾನೆ?" ಇಲ್ಲವ್ವ ಎನ್ನುತ್ತಿದ್ದೆ. ಸೋಲೂರಿಗೆ ಆಮೇಲೆ ನಾನು ಕಾಲಿಡಲೇ ಇಲ್ಲ.

ಚನ್ನಪಟ್ಟಣದಲ್ಲಿ ಜಮೀಲಾಬಿಯವರ ಮನೆ ಬೇಗ ಸಿಕ್ಕಿತು. ಬೀದಿಯುದ್ದಕ್ಕೂ ಲೇತ್ ಯಂತ್ರದ ಸದ್ದು, ಬಿಸಿ ಅರಗಿನ ವಾಸನೆ. ಅವರ ಮನೆಯ ಗಂಡಸರು ಹಾಲೆಮರದಲ್ಲಿ ಬೊಂಬೆ ಕಡೆಯುತ್ತಾರೆ. ಇವರು ಅದೇ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಟ್ಟು, ಚರ್ಮ ಹೊಟ್ಟೇಳುವ ಕಾಯಿಲೆಗೆ ಕೊಡುತ್ತಾರೆ. ತಾರಸಿಯ ಮೇಲೆ ಗಾಜಿನ ಬಾಟಲಿಗಳ ಸಾಲು. ಹಸಿರೆಲೆ ಹಾಕಿದ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಲೆಯೊಳಗಿನ ಬಣ್ಣ ಅದು, ನನಗೆ ಗೊತ್ತಿರುವ ವಿಷಯವೇ. ಆದರೂ ಅಷ್ಟೊಂದು ಬಾಟಲಿಗಳ ನಡುವೆ ನಿಂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ.

ಜಮೀಲಾಬಿ ಎಲೆ, ಎಣ್ಣೆ, ಎಷ್ಟು ದಿನದ ಬಿಸಿಲು, ಎಲ್ಲವನ್ನೂ ಬಿಚ್ಚಿ ಹೇಳಿದರು. ಕೊನೆಗೆ ನನ್ನ ಸ್ವಂತದ ಪ್ರಶ್ನೆ ಕೇಳಿದೆ. "ಮದ್ದು ತಗೊಂಡು ಹೋಗೋರು ದಾರಿಯಲ್ಲಿ ಮಾತಾಡಿದ್ರೆ ಮದ್ದು ಕೆಡುತ್ತಾ?"

"ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ. ಎಣ್ಣೆಗೇನು ಕಿವಿ ಐತಾ?" ಎಂದು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. "ಯಾರಿಗೆ ತಗೊಂಡು ಹೋಗ್ತಿದ್ರಿ ನೀವು?"

ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವರು ಕೊಟ್ಟ ಚಹಾ ಅರ್ಧಕ್ಕೇ ಉಳಿಯಿತು.

ಆ ಸಂಜೆ ಸಾತನೂರು ಸೇರಿ, ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡು ಮಲಗಿದೆ. ಬೆಳಗಿನ ಮೊದಲ ಬಸ್ಸಿಗೆ ಉಯ್ಯಂಬಳ್ಳಿ. ಅಲ್ಲಿಂದ ಹಿಪ್ಪುನೇರಳೆ ಹೊಲಗಳ ನಡುವೆ ಅರ್ಧ ಗಂಟೆ ನಡಿಗೆ. ದಾರಿ ಕೇಳಿಕೊಳ್ಳೋಣ ಎಂದರೆ ನರಪಿಳ್ಳೆ ಇಲ್ಲ. ಆದರೆ ಕಾಲಿಗೆ ದಾರಿ ನೆನಪಿತ್ತು. ಅದು ನನಗೆ ಚೂರೂ ಸೇರಲಿಲ್ಲ.

ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಕೂತಿದ್ದರು. ಅಷ್ಟು ಜನ ಸೇರಿದ ಕಡೆ ಒಂದು ಕೆಮ್ಮಾದರೂ ಕೇಳಬೇಕಲ್ಲ! ಸದ್ದೇ ಇಲ್ಲ. ದೊಡ್ಡತಾಯಮ್ಮ ಎಂದೋ ತೀರಿಕೊಂಡಿದ್ದರು. ಈಗ ಅವರ ಮಗಳು ಪುಟ್ಟಮ್ಮ ಕೊಡುತ್ತಾರೆ, ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಒಬ್ಬೊಬ್ಬರನ್ನೇ ಕರೆದು ರಕ್ತ ಪರೀಕ್ಷೆಯ ಚೀಟಿ ನೋಡುವರು. ಮುತ್ತುಗದ ಎಲೆಯ ಪೊಟ್ಟಣವೊಂದನ್ನು ಬಾಳೆನಾರಿನಲ್ಲಿ ಕಟ್ಟಿ ಅಂಗೈಗೆ ಇಡುವರು. ಇಟ್ಟ ತಕ್ಷಣ ಆ ಮನುಷ್ಯ ಎದ್ದು, ಬರ್ತೀನಿ ಎಂದೂ ಹೇಳದೆ, ನೆಟ್ಟಗೆ ಹೊರಟುಬಿಡುವನು. ಹೀಗೆ ಒಬ್ಬರಾದಮೇಲೆ ಒಬ್ಬರು ಬದುವಿನ ಮೇಲೆ ಬೆನ್ನು ತೋರಿಸಿಕೊಂಡು ಹೋಗುವುದನ್ನು ನೋಡುತ್ತಾ ನಾನು ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತಿದ್ದೆ.

ಕೊನೆಯವಳು ಮೂವತ್ತೈದರ ಒಬ್ಬ ಹೆಂಗಸು, ಕೊರಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಗುರುತಿನ ಕಾರ್ಡು. ತಮ್ಮನಿಗೆ ಮದ್ದು ಬೇಕು ಎಂದಳು. ಪುಟ್ಟಮ್ಮ ಅವಳ ಚೀಟಿಯನ್ನು ಬಹಳ ಹೊತ್ತು ನೋಡಿ, ಒಳಗೆ ಹೋಗಿ ಪೊಟ್ಟಣ ತಂದರು. ಹೆಂಗಸು ಅದನ್ನು ಎದೆಗೊತ್ತಿಕೊಂಡು ಹೋದಳು.

ಅಂಗಳ ಖಾಲಿಯಾಯಿತು. ಗಿಡದ ಹೆಸರು ಕೇಳಿದೆ. "ಹೆಸ್ರು ಹೇಳಂಗಿಲ್ಲ ಕಣವ್ವ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಇನ್ನು ಉಳಿದಿದ್ದು ಒಂದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮುಂಚೆ ಪುಟ್ಟಮ್ಮನೇ ಕೇಳಿದರು, "ನೀನೂ ದಾರೀಲಿ ಮಾತಾಡ್ಬುಟ್ಟಿದ್ದಾ?"

"ನಿಮಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ವರ್ಸಕ್ಕೊಬ್ರು ಇಬ್ರು ಬತ್ತಾರೆ, ಇದ್ನೇ ಕೇಳಾಕೆ. ಅದೇ ಕಲ್ಲ ಮ್ಯಾಲೆ ಕುಂತ್ಕತ್ತಾರೆ."

ನಾನು ಕಲ್ಲಿನಿಂದ ಎದ್ದು ನಿಂತೆ. ಪುಟ್ಟಮ್ಮ ಮಾತ್ರ ತಮ್ಮ ಪಾಡಿಗೆ ಉಳಿದ ಮುತ್ತುಗದ ಎಲೆ ಜೋಡಿಸುತ್ತಾ ಹೇಳಿದರು, "ಯಾವೂರು ನಿಂದು?" ಸೋಲೂರು ಎಂದೆ. "ಸೋಲೂರಾ? ಇಲ್ಲಿಂದ ಸೋಲೂರ್‍ಗಂಟ ಮಾತಾಡ್ದೆ ಹೋಗಾಕೆ ಯಾರ್ ಕೈಲಾದದು? ನಮ್ಮವ್ವಂಗೂ ಅದು ಗೊತ್ತಿತ್ತು. ಉಳ್ಕಂಡ್ರೆ ಮದ್ದು ಉಳಿಸ್ತು ಅಂತಾರೆ. ಹೋದ್ರೆ, ತಂದೋರು ಬಾಯ್ ಬುಟ್ರು ಅಂತಾರೆ. ಮದ್ದಿಗೆ ಕೆಟ್ಟೆಸ್ರು ಬರಂಗಿಲ್ಲ. ಅದುಕ್ಕೇ ಕಟ್ಟಿದ್ದು ಆ ನೇಮ."

ನಲವತ್ತೆರಡು ವರ್ಷ! ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಗೊತ್ತಿದ್ದೂ ನೀವು ಇನ್ನೂ ಅದನ್ನೇ ಹೇಳಿ ಕಳಿಸ್ತೀರಲ್ಲ, ನಿಮಗೆ ಏನೂ ಅನ್ಸಲ್ವಾ?"

"ಬುಟ್ಬುಡಾಕೆ ನಂಗೂ ಭಯ ಕಣವ್ವ" ಎಂದರು. ಆಮೇಲೆ ಬದುವಿನ ಕಡೆ ನೋಡಿ, "ಈಗ ಹೋದ್ಳಲ್ಲ, ಅವ್ಳ ತಮ್ಮ ಕಷ್ಟ. ಚೀಟೀಲೇ ಕಾಣ್ತೈತೆ. ಆಸ್ಪತ್ರೆಗೆ ಸೇರ್ಸು ಅಂತ ಹೇಳ್ಬೇಕಿತ್ತು, ಬಾಯಿ ಬರ್‍ಲಿಲ್ಲ. ಅಷ್ಟು ದೂರದಿಂದ ಬಂದವ್ಳೆ, ಬರಿಗೈಲಿ ಹೆಂಗ್ ಕಳಿಸ್ಲಿ?"

ಚೀಲ ಎತ್ತಿಕೊಂಡು ಓಡಿದೆ. ಈ ವಯಸ್ಸಿನಲ್ಲಿ ನನ್ನ ಮಂಡಿಗೆ ಅಷ್ಟು ಶಕ್ತಿ ಎಲ್ಲಿತ್ತೋ! ಉಯ್ಯಂಬಳ್ಳಿಯಲ್ಲಿ ಕನಕಪುರದ ಬಸ್ಸು ಹೊರಡುವ ಹೊತ್ತಿಗೆ ಹತ್ತಿದೆ. ಕಿಟಕಿ ಪಕ್ಕ ಅವಳಿದ್ದಳು. ಪಕ್ಕದಲ್ಲೇ ಕೂತೆ.

ಹೆಂಗಸರಿಗೆ ಈಗ ಸೊನ್ನೆ ಟಿಕೆಟ್ಟು, ಆದರೂ ಊರು ಹೇಳಲೇಬೇಕು. ಕಂಡಕ್ಟರು ಬಂದಾಗ ಅವಳು ಆಧಾರ್ ಕಾರ್ಡು ತೋರಿಸಿ, ಎಡಗೈ ಬಿಚ್ಚಿ ಹಿಡಿದಳು. ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಒಂದರ ಕೆಳಗೊಂದು ಬರೆದಿತ್ತು: ಕನಕಪುರ, ರಾಮನಗರ, ಮಾಗಡಿ, ಸೋಲೂರು. ಕೊನೆಯ ಹೆಸರನ್ನು ಎರಡು ಸಲ ಓದಿದೆ.

"ಮದ್ದು ಇಡ್ಕಂಡವ್ಳೆ, ಮಾತಾಡಿಸ್ಬ್ಯಾಡಿ" ಎಂದು ಕಂಡಕ್ಟರು ನನಗೇ ಎಚ್ಚರಿಕೆ ಹೇಳಿ ಮುಂದಕ್ಕೆ ಹೋದ.

ಹೇಳಬೇಕಾದದ್ದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದೆಲ್ಲ ಸುಳ್ಳು ಕಣಮ್ಮ, ಮಾತಾಡು, ಮೊದಲು ತಮ್ಮನನ್ನು ಆಸ್ಪತ್ರೆಗೆ ಸೇರಿಸು. ಬರೀ ಇಷ್ಟು. ನಿಜ ಹೇಳುತ್ತೇನೆ, ನನಗೆ ಧೈರ್ಯವಾಗಲಿಲ್ಲ. ನಾನು ಹೇಳಿ, ಇವಳು ಬಾಯಿ ಬಿಟ್ಟು, ನಾಳೆ ಹುಡುಗ ಹೋದರೆ? ಅವಳೂ ಒಂದು ದಿನ ಬಂದು ಆ ಕಲ್ಲಿನ ಮೇಲೆ ಕೂರುವುದು ಕಣ್ಣಿಗೆ ಕಟ್ಟಿತು. ಕಾಲೇಜಿನಲ್ಲಿ ಅಷ್ಟು ಗಟ್ಟಿಯಾಗಿ ಪಾಠ ಹೇಳುತ್ತಿದ್ದ ಮೇಡಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ನನ್ನ ಪ್ರವಾಸ ಕನಕಪುರದಲ್ಲಿ ಮುಗಿಯಬೇಕಿತ್ತು. ಅವಳು ರಾಮನಗರದ ಬಸ್ಸು ಹತ್ತಿದಳು, ನಾನೂ ಹತ್ತಿದೆ. ರಾಮನಗರದಲ್ಲಿ ಊರೆಲ್ಲ ರೇಷ್ಮೆಗೂಡು ಬೇಯಿಸುವ ಕಮಟು ವಾಸನೆ. ಅಲ್ಲಿ ಎರಡು ಇಡ್ಲಿ ಕಟ್ಟಿಸಿಕೊಂಡು ಅವಳ ಮುಂದೆ ಹಿಡಿದೆ. ತಲೆಯಾಡಿಸಿ ಬೇಡವೆಂದಳು. ಮಾಗಡಿ ರಸ್ತೆಯಲ್ಲಿ ಎರಡೂ ಕಡೆ ಬಂಡೆ ಬೆಟ್ಟಗಳು. ಬಸ್ಸು ಎಷ್ಟು ಓಡಿದರೂ ಅದೇ ಬಂಡೆ ಮತ್ತೆ ಮತ್ತೆ ಕಿಟಕಿಗೆ ಬರುತ್ತಿದೆ ಅನ್ನಿಸಿತು. ನಾನು ಹತ್ತೊಂಬತ್ತರಲ್ಲಿ ಕೂತಿದ್ದೂ ಬಲಗಡೆಯ ಕಿಟಕಿಗೇ.

ಮಾಗಡಿಯಲ್ಲಿ ಬಸ್ಸು ಬದಲಾಯಿಸಿದೆವು. ಈ ಕಂಡಕ್ಟರು ಸಿಡುಕ. "ಎಲ್ಲಿಗಮ್ಮಾ?" ಅವಳು ಅಂಗೈ ಬಿಚ್ಚಿದಳು. ಬೆವರಿಗೆ ಮಸಿ ಕರಗಿ ಅಕ್ಷರವೆಲ್ಲ ಒಂದು ನೀಲಿ ಕಲೆಯಾಗಿತ್ತು. "ಇದೇನ್ ಓದ್ಲಿ? ಬಾಯ್ಬಿಟ್ ಹೇಳು. ಎಲ್ಲಿಗೆ?" ಅವಳ ತುಟಿ ಅದುರಿತು. ಕಣ್ಣು ತುಂಬಿಕೊಂಡು ನನ್ನನ್ನು ನೋಡಿದಳು. "ಎಲ್ಲಿಗೆ ಅಂದೆ!" ಮೂರನೆಯ ಸಲ ಗದರಿದ.

"ಸೋಲೂರು" ಎಂದೆ. "ಇಬ್ಬರಿಗೂ ಸೋಲೂರು."

ನಲವತ್ತೆರಡು ವರ್ಷದ ಮೇಲೆ ಅದೇ ದಾರಿಯಲ್ಲಿ, ಅದೇ ಮಾತು. ಕಂಡಕ್ಟರು ಎರಡು ಟಿಕೆಟ್ಟು ಹರಿದುಕೊಟ್ಟ.

ಊರು ಇನ್ನೂ ದೂರವಿದ್ದಾಗ ಅವಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ "ತಮ್ಮ" ಎಂದಿತ್ತು. ಅವಳು ಕಿವಿಗಿಟ್ಟುಕೊಂಡು ಕೇಳಿದಳು, ಮಾತಾಡಲಿಲ್ಲ. ಆ ಕಡೆಯಿಂದ ಹೆಂಗಸಿನ ಧ್ವನಿ ಅಕ್ಕಾ, ಅಕ್ಕಾ ಎಂದು ಕೂಗುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ. ಫೋನು ಕಿತ್ತುಕೊಂಡೆ.

"ಅವಳು ಮದ್ದು ಹಿಡಿದಿದ್ದಾಳೆ, ಮಾತಾಡಲ್ಲ. ನನಗೆ ಹೇಳಿ."

ಅದು ಹುಡುಗನ ಹೆಂಡತಿ. "ಬೆಳಗಿಂದ ವಾಂತಿ ಕಣಮ್ಮ. ಈಗ ಕೂಗುದ್ರೂ ಸರಿಯಾಗಿ ಕಣ್ಣೇ ಬುಡ್ತಿಲ್ಲ. ಅಕ್ಕ ಮದ್ದು ತರ್‍ಲಿ ಅಂತ ಕಾಯ್ತಾ ಇವ್ನಿ."

ಸೋಮನೂ ಹಾಗೇ ಇದ್ದ. ನಮ್ಮ ಮನೆಯವರೂ ಹಾಗೇ ಕಾದಿದ್ದರು, ನಾನು ಮದ್ದು ತರಲಿ ಎಂದು, ಒಂದು ಹಗಲು ಪೂರ್ತಿ. ಅಷ್ಟು ವರ್ಷ ನಾನು ಆಡಿದ ಒಂದು ಮಾತನ್ನೇ ಲೆಕ್ಕಕ್ಕಿಟ್ಟುಕೊಂಡು, ಕಾದ ಆ ಹಗಲನ್ನು ಮರೆತೇಬಿಟ್ಟಿದ್ದೆ.

"ಕಾಯಬೇಡಿ!" ಎಂದು ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ. "ಈಗಲೇ ಕಾರು ಮಾಡಿ ನೆಲಮಂಗಲದ ಆಸ್ಪತ್ರೆಗೆ ಹೊರಡಿ. ಅಕ್ಕ ಸೋಲೂರು ಬಸ್ ಸ್ಟಾಪಿನಲ್ಲಿ ಇಳೀತಾಳೆ, ಅಲ್ಲೇ ಹತ್ತಿಸಿಕೊಳ್ಳಿ."

ಸೋಲೂರಿನಲ್ಲಿ ಬಸ್ಸು ನಿಲ್ಲುವಾಗ ಬಿಳಿ ಕಾರೊಂದು ಆಗಲೇ ಬಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಹಳದಿ ಮುಖದ ಹುಡುಗ, ಹೆಂಡತಿಯ ತೊಡೆಯ ಮೇಲೆ ತಲೆ. ಅವಳು ಬಸ್ಸಿಳಿದವಳು ತಮ್ಮನನ್ನು ನೋಡಿದಳು, ಕೈಯಲ್ಲಿದ್ದ ಪೊಟ್ಟಣ ನೋಡಿದಳು. ಹಿಂದೆಯೇ ಇಳಿದ ನನ್ನ ಕಡೆ ತಿರುಗಿದಳು. ಹಿಂದಕ್ಕೆ ತಿರುಗಬಾರದು ಎಂಬ ನೇಮ ಅಲ್ಲಿಗೇ ಮುರಿಯಿತು. ಪೊಟ್ಟಣವನ್ನು ನನ್ನ ಕೈಗಿಟ್ಟು ಕಾರಿನೊಳಕ್ಕೆ ನುಗ್ಗಿ, "ನಡೀರಿ, ಬಿರ್‍ನೆ ನಡೀರಿ!" ಎಂದು ಕೂಗಿದಳು. ಮದ್ದು ಕೈಗೆ ಬಂದಮೇಲೆ ಅವಳ ಧ್ವನಿ ಕೇಳಿದ್ದು ಅದೊಂದೇ ಸಲ. ಹುಡುಗ ಉಳಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಹೆಸರನ್ನೂ ಕೇಳಿರಲಿಲ್ಲ.

ಸಂಸ್ಥೆಯವರಿಗೆ ಬೇಕಾಗಿದ್ದ ಗಿಡ ನನ್ನ ಅಂಗೈಲಿತ್ತು. ನಾರು ಬಿಚ್ಚಿದರೆ ಹೆಸರು ಹೇಳಿಬಿಡುತ್ತಿದ್ದೆ, ಆ ಹೆಮ್ಮೆ ನನಗಿದೆ. ಬಿಚ್ಚಲಿಲ್ಲ. ಕೆರೆ ಏರಿಯ ಕಡೆ ನಡೆದೆ. ನಮ್ಮ ಹೊಲ ಈಗ ಯಾರದೋ ತೆಂಗಿನ ತೋಟ. ನೀರು ಕಟ್ಟುತ್ತಿದ್ದ ಮುದುಕರೊಬ್ಬರು "ಯಾರವ್ವಾ ನೀನು, ಯಾರ್ ಮನೆಯೋಳು?" ಎಂದರು. ಉತ್ತರ ಹೇಳೋಣ ಎಂದರೆ ನನ್ನ ಬಾಯಿ ಏಳಲಿಲ್ಲ. ಅವರು ನನ್ನ ಕೈಯ ಪೊಟ್ಟಣ ನೋಡಿ, ಮರುಮಾತಾಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬದುವಿನ ಹೊಂಗೆಮರ ಹಾಗೇ ಇತ್ತು. ಸೋಮನನ್ನು ಮಣ್ಣು ಮಾಡಿದ ಗುರುತಿನ ಕಲ್ಲು ಅರ್ಧ ಹೂತುಹೋಗಿತ್ತು. ಮಂಡಿಯೂರಿ, ಪೊಟ್ಟಣವನ್ನು ಅದರ ಮುಂದಿಟ್ಟೆ. ಆಗ ಬಾಯಿ ಬಿಟ್ಟೆ.

"ಸೋಮ, ಒಸಿ ತಡ ಆಗ್ಬುಡ್ತು ಕಣ್ಲಾ" ಎಂದೆ.