ಡಬಲ್ ಹೆಬ್ಬೆಟ್ಟಿನ ದರ್ಜಿ

ನನ್ನ ಗೆಳೆಯ ದರ್ಜಿ ಹೋದ ತಿಂಗಳು ತೀರಿಕೊಂಡ. ಹೊಗಳಿ ಬರೆದರೆ ಎದ್ದು ಬಂದು ಬೈದಾನು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹುಟ್ಟುವಾಗಲೇ ಅವನ ಬಲಗೈಯಲ್ಲಿ ಒಂದೇ ಬುಡಕ್ಕೆ ಎರಡು ಹೆಬ್ಬೆರಳು. ಶಾಲೆಯಲ್ಲಿ ನಾವಿಟ್ಟ ಹೆಸರು 'ಡಬಲ್ ಹೆಬ್ಬೆಟ್ಟು'. ತರಗತಿಯಲ್ಲೇ ಹೆಚ್ಚು ಓದುತ್ತಿದ್ದವನಿಗೆ ಎರಡೆರಡು ಸಲ ಅನಕ್ಷರಸ್ಥನೆಂಬ ಬಿರುದು! ಹತ್ತನೇ ವಯಸ್ಸಿನಲ್ಲಿ ಯಾರೋ ಡಾಕ್ಟರು ಒಂದನ್ನು ಕತ್ತರಿಸಿ ಕಳಿಸಿದರು. ಉಳಿದದ್ದು ಬರಬರುತ್ತ ಸೊಟ್ಟಗಾಯಿತು, ಬಲವೂ ಕುಗ್ಗಿತು. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ, ನಾಲಿಗೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ. "ಆ ಡಾಕ್ಟರ್ ಪುಣ್ಯಾತ್ಮ ಹೊಲಿಗೆ ಪಾಠದ ದಿನ ರಜ ಹಾಕಿದ್ದ ಕಣೋ" ಎನ್ನುತ್ತಿದ್ದ.

ಮೊಮ್ಮಗಳು ಹುಟ್ಟಿದಾಗ ಅವಳ ಬಲಗೈಯಲ್ಲೂ ಅದೇ ಜೋಡಿ. ವರ್ಷ ತುಂಬುತ್ತಲೇ ಮಗಳು ಆಪರೇಷನ್ ಮಾಡಿಸಲು ಹೊರಟಳು. ಇವನು ಸುತರಾಂ ಒಪ್ಪಲಿಲ್ಲ.

"ಅಪ್ಪಾ, ನೀನು ದರ್ಜಿ. ಡಾಕ್ಟರಲ್ಲ."

"ಅದಕ್ಕೇ ಹೇಳ್ತಿರೋದು. ಕೆಟ್ಟ ಹೊಲಿಗೆ ಬಿಚ್ಚಬಹುದು. ಕತ್ತರಿಸಿದ್ದನ್ನ ಏನ್ಮಾಡ್ತೀಯ?"

ಕೊನೆಗೆ ಮಗಳ ಜೊತೆ ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಬಂದ. ಡಾಕ್ಟರಮ್ಮನ ಎದುರು ಕೂತವನೇ ಕೇಳಿದ: "ಕತ್ತರಿಸೋದು ಇರ್ಲಿ ತಾಯಿ, ಹೊಲಿಯೋದು ಹೇಳಿ."

ನನಗೆ ನಾಚಿಕೆ. ಆಕೆ ಮಾತ್ರ ಕಾಗದದ ಮೇಲೆ ಚಿತ್ರ ಬರೆದರು. "ಚಿಕ್ಕದನ್ನ ತೆಗೀತೀವಿ. ಅದರ ಸ್ನಾಯು, ಕೀಲು ಹಿಡಿಯೋ ನಾರು ಎಸೆಯಲ್ಲ. ಉಳಿಯೋ ಬೆರಳಿಗೆ ಹೊಲೀತೀವಿ. ಮೂಳೆ ನೇರ ನಿಲ್ಲೋಕೆ ಕೆಲವು ವಾರ ತಂತಿ."

"ಆಮೇಲೆ ಬಿಚ್ಚೋ ಕಚ್ಚಾ ಹೊಲಿಗೆ ಅನ್ನಿ. ಮಕ್ಕಳ ಅಂಗಿಗೆ ನಾವು ಒಳಗೆ ಬಟ್ಟೆ ಬಿಟ್ಟಿರ್ತೀವಿ, ಬೆಳೆದ ಹಾಗೆ ಬಿಚ್ಚೋಕೆ. ಇಲ್ಲಿ?"

ಆಕೆ ನಗಲಿಲ್ಲ. "ಮೂಳೆ ಬೆಳೆಯೋ ಜಾಗಕ್ಕೆ ಏಟಾಗದ ಹಾಗೆ ನೋಡ್ಕೋತೀವಿ ಯಜಮಾನ್ರೆ. ಆದ್ರೂ ಮುಂದೆ ಸೊಟ್ಟಗಾದ್ರೆ ಇನ್ನೊಂದ್ಸಲ ಸರಿ ಮಾಡ್ಬೇಕಾಗಬಹುದು."

"ಆಲ್ಟ್ರೇಷನ್ ಇದೆ ಅಂತ ಮೊದಲೇ ಹೇಳೋರು ಒಳ್ಳೇ ದರ್ಜಿ" ಎಂದು ಮಗಳತ್ತ ತಿರುಗಿದ. "ಮಾಡಿಸಮ್ಮ."

ಧೈರ್ಯ ಅಲ್ಲಿಗೇ ಮುಗಿಯಿತು. ಆಪರೇಷನ್ ದಿನ ಹೊರಗೆ ಕೂರಲಾರದೆ ಆಸ್ಪತ್ರೆಯ ಹಜಾರವನ್ನು ಟೇಪು ಹಿಡಿದು ಎರಡು ಸಲ ಅಳೆದ. ಎರಡು ಸಲವೂ ಲೆಕ್ಕ ಬೇರೆ ಬೇರೆ ಬಂತು.

ತಂತಿ ತೆಗೆದು ಕೆಲವು ವಾರದ ಮೇಲೆ ಮಗುವಿನ ಬಲಗೈಗೆ ದಾರದ ರೀಲು ಕೊಟ್ಟ. ಉರುಳಿ ಬಿತ್ತು. ಇನ್ನೊಂದು ಕೊಟ್ಟ. ಅದೂ ಬಿತ್ತು. ಇವನ ಮುಖ ಸಪ್ಪಗಾಯಿತು. ಬೆರಳು ನೋಡಲು ಬಗ್ಗಿದ್ದೇ ತಡ, ಅವಳು ಅದೇ ಕೈಯಲ್ಲಿ ಇವನ ಮೀಸೆ ಹಿಡಿದಳು. ಹೆಬ್ಬೆರಳು ಈ ಕಡೆ, ನಾಲ್ಕು ಬೆರಳು ಆ ಕಡೆ.

"ಅಯ್ಯಯ್ಯೋ, ಬಿಡಿಸ್ರೇ!"

ಮಗಳು ಬಿಡಿಸಲು ಬಂದರೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಕೈ ಅಡ್ಡ ಹಿಡಿದ. "ಇರು, ಇರು. ಇನ್ನೂ ಸ್ವಲ್ಪ ಎಳೀಲಿ."