ಬರಿಗಾಲಲ್ಲಿ ಎತ್ತಿದ ಪ್ಲಿಮತ್

ಬಟವಾಡಿಯ ಟಿಂಕರ್ ಜಹೀರ್ ಅಹಮದ್‌ನಷ್ಟು ಪುಕ್ಕಲು ಮನುಷ್ಯ ತುಮಕೂರಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ನಜ್ಜುಗುಜ್ಜಾದ ಬಾನೆಟ್ಟನ್ನು ಬಡಿದು ಬಡಿದು ಕನ್ನಡಿ ಮಾಡುವ ಕೈ ಅವನದು. ಆದರೆ ಮದುವೆಮನೆಯಲ್ಲಿ ಫ್ಯಾನಿನ ನೇರಕ್ಕೆ ಊಟಕ್ಕೆ ಕೂರುವವನಲ್ಲ. ಎತ್ತಿ ನಿಲ್ಲಿಸಿದ ಗಾಡಿಯ ಅಡಿಗಂತೂ ಸುತರಾಂ ಹೋಗುವವನಲ್ಲ. ಕಸುಬು ಕಲಿಸಿದ ಗಂಗಣ್ಣನ ಮೇಲೆ ಲಾರಿಯ ಕ್ಯಾಬಿನ್ ಕುಸಿದದ್ದನ್ನು ಕಣ್ಣಾರೆ ಕಂಡವನು. ಗಂಗಣ್ಣ ಬದುಕಿದ, ಬಲಗೈ ಹೋಯಿತು. ಅಂದಿನಿಂದ ಜಹೀರ್ ಏನನ್ನು ಎತ್ತಿದರೂ ಮೊದಲು ಮರದ ದಿಮ್ಮಿ ಕೊಟ್ಟು, ಆಮೇಲೆ ಉಸಿರು ಬಿಡುತ್ತಿದ್ದ.

ಗಾಡಿಯ ಅಡಿಗೆ ನುಗ್ಗುವ ಕೆಲಸವೆಲ್ಲ ತಮ್ಮ ತಾರಿಖ್‌ನದು. ಅಪ್ಪ ತೀರಿದಾಗ ತಾರಿಖ್ ಅಂಬೆಗಾಲಿಡುತ್ತಿದ್ದ. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನೇ ಜಹೀರ್. ತಾನು ಹೆದರುವ ಕಡೆಗೆ ತಮ್ಮನನ್ನು ಕಳಿಸುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಹೊಳೆಯದವನ ಹಾಗೆ ಇದ್ದ, ಅಷ್ಟೆ.

ತೊಂಬತ್ತೆಂಟರ ಬೇಸಿಗೆಯಲ್ಲಿ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮಹಾಲಿಂಗಯ್ಯನವರು ತಮ್ಮ ತಂದೆಯ ಕಾಲದ ಪ್ಲಿಮತ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅದನ್ನು ಹೊಸದು ಮಾಡಿಕೊಡಬೇಕು. ಅಂಥ ಹಳೆಯ ಗಾಡಿಗಳಲ್ಲಿ ಮೇಲಿನ ಬಾಡಿಯೇ ಬೇರೆ, ಎಂಜಿನ್ನು ಚಕ್ರ ಹೊತ್ತ ಕೆಳಗಿನ ಚಾಸಿಯೇ ಬೇರೆ. ಬೋಲ್ಟು ಬಿಚ್ಚಿ ಬಾಡಿಯನ್ನು ಎತ್ತಿ ಹಿಡಿದರೆ ಚಾಸಿಯನ್ನು ಕೆಳಗಿಂದ ತಳ್ಳಿಕೊಂಡು ಹೋಗಬಹುದು. ಶೆಡ್ಡಿನ ತೊಲೆ ಅಷ್ಟು ಭಾರ ತಡೆಯುವಂತಿರಲಿಲ್ಲ. ಹಾಗಾಗಿ ಮಂಡಿಯಿಂದ ಹಮಾಲಿ ದ್ಯಾವಪ್ಪನ ತಂಡ ಬಂತು.

ಇನ್ನೇನು ಕೈ ಹಾಕಬೇಕು, ಮಹಾಲಿಂಗಯ್ಯನವರು ತಡೆದರು. "ಸಾಬ್ರೇ, ನಮ್ಮಪ್ಪಾರ್ ಗಾಡಿ ಇದು. ಕಾಯಿ ಒಡೀದೆ ಮುಟ್ಟದ್ ಬ್ಯಾಡ."

"ಒಡೀರಿ ಯಜಮಾನ್ರೇ, ಅದಕ್ಕೇನಂತೆ" ಎಂದ ಜಹೀರ್. ಅವನಿಗೂ ಆ ಹೊತ್ತಿನಲ್ಲಿ ಯಾವ ದೇವರ ಸಹಾಯವಾದರೂ ಬೇಕಿತ್ತು.

ಎಲ್ಲರೂ ಚಪ್ಪಲಿ ಬಿಟ್ಟರು. ಪೂಜೆಗೆ ಅಡ್ಡವೆಂದು ದಿಮ್ಮಿಗಳನ್ನು ಗೋಡೆಗೆ ಸರಿಸಿದರು. ಕೊಬ್ಬರಿ ವ್ಯಾಪಾರಿಗೆ ಕಾಯಿಗೇನು ಬರವೇ? ಗಾಡಿಯ ಮೂಲೆಗೊಂದರಂತೆ ಒಡೆದರು. ವರ್ಷಾನುಗಟ್ಟಲೆ ಗ್ರೀಸು ಕುಡಿದ ಸಿಮೆಂಟು ನೆಲದ ಮೇಲೆ ಕಾಯಿನೀರು ಹರಿಯಿತು. ಮಂಗಳಾರತಿ ಮುಗಿದ ಮೇಲೆ ಚಪ್ಪಲಿ ಮೆಟ್ಟಬೇಕೆಂದು ಒಬ್ಬರಿಗೂ ನೆನಪಾಗಲಿಲ್ಲ. ದಿಮ್ಮಿಗಳೂ ಗೋಡೆಯ ಹತ್ತಿರವೇ ಉಳಿದವು.

"ಐಸಾ!" ಎಂದ ದ್ಯಾವಪ್ಪ. ಮೂರು ಮೂಲೆ ಎದ್ದವು. ಜಹೀರ್ ಹಿಡಿದಿದ್ದ ಹಿಂದಿನ ಮೂಲೆ ಮಾತ್ರ ಏಳಲೊಲ್ಲದು. ಕಣ್ಣಿಗೆ ಬೀಳದ ತುಕ್ಕು ಬೋಲ್ಟೊಂದು ಅಲ್ಲಿ ಕಚ್ಚಿಕೊಂಡಿತ್ತು.

"ಇಳಿಸ್ರಪ್ಪಾ, ಇಳಿಸ್ರೋ" ಎಂದು ಜಹೀರ್ ಹೇಳುವಷ್ಟರಲ್ಲಿ ತಾರಿಖ್ ಚಾಣ ಸುತ್ತಿಗೆ ಹಿಡಿದು, ಬಾಡಿಗೂ ಚಾಸಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿಯಾಗಿತ್ತು. "ಒಂದೇ ಏಟು, ಭಾಯ್!"

ಏಟು ಬಿತ್ತು, ಬೋಲ್ಟು ಮುರಿಯಿತು. ಮೂಲೆ ಒಮ್ಮೆಲೇ ಬಿಟ್ಟುಕೊಂಡು ಬಾಡಿ ಓಲಾಡಿತು. ಎದುರಿದ್ದ ಹಮಾಲಿಯ ಬರಿಗಾಲು ಜಾರಿತು, ಅವನ ಪಕ್ಕದವನದೂ. ಭಾರವೆಲ್ಲ ಜಹೀರನ ಕಡೆಗೆ ವಾಲಿತು. ಅವನ ಕಾಲ್ಬೆರಳು ನೆಲ ಕಚ್ಚಲು ನೋಡಿದವು. ಕಾಲಡಿ ಬರೀ ಲೋಳೆ. ಅವನಿಗೆ ಕಾಣುತ್ತಿದ್ದದ್ದು ತಮ್ಮನ ಕುತ್ತಿಗೆಯೊಂದೇ. ತಾರಿಖ್ ಹಿಂದಕ್ಕೆ ಎಳೆದುಕೊಂಡ. ಅಂಗಿಯ ಕಾಲರು ಮುರಿದ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಬಾಡಿ ಇಷ್ಟಿಷ್ಟೇ ಇಳಿಯುತ್ತಿತ್ತು. ಯಾರೂ ಕೈ ಬಿಡುವ ಹಾಗಿಲ್ಲ.

"ಭಾಯ್" ಎಂದ ತಾರಿಖ್. ಈ ಸಲ ಸಣ್ಣ ದನಿಯಲ್ಲಿ, ಮಗುವಿನ ಹಾಗೆ.

"ದಿಮ್ಮಿ! ಯಜಮಾನ್ರೇ, ಗೋಡೆ ಹತ್ರ! ಸಂದಿಗೆ ತಳ್ರೀ!" ಎಂದು ಜಹೀರ್ ಅರಚಿದ. ಆರತಿ ತಟ್ಟೆ ಹಿಡಿದು ಕಲ್ಲಾಗಿದ್ದ ಮಹಾಲಿಂಗಯ್ಯನವರು ತಟ್ಟೆ ಎಸೆದು ಓಡಿದರು, ಜಾರಿ ಬಿದ್ದರು, ಮಂಡಿಯೂರಿಕೊಂಡೇ ದಿಮ್ಮಿಯನ್ನು ಸಂದಿಗೆ ದೂಡಿದರು. ಬಾಡಿ ಅದರ ಮೇಲೆ ಕಿರ್ರೆಂದು ಕೂತಿತು. ತಾರಿಖನ ಕುತ್ತಿಗೆಗೂ ಕಬ್ಬಿಣಕ್ಕೂ ನಡುವೆ ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟು ಜಾಗ ಉಳಿದಿತ್ತು.

ತಾರಿಖ್ ಕಾಲರು ಹರಿದುಕೊಂಡು ಹೊರಗೆ ಬಂದ. ನಕ್ಕ, ಆಮೇಲೆ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಜಹೀರನ ಬೆರಳು ಬಾಡಿಯ ಅಂಚನ್ನು ಬಿಡಲೊಲ್ಲವು. ದ್ಯಾವಪ್ಪನೇ ಒಂದೊಂದಾಗಿ ಬಿಡಿಸಿದ.

ಮಧ್ಯಾಹ್ನ ನೆಲಕ್ಕೆ ಮರದ ಹೊಟ್ಟು ಹರಡಿ, ಚಪ್ಪಲಿ ಮೆಟ್ಟಿ, ದಿಮ್ಮಿಗಳನ್ನು ಹತ್ತಿರವಿಟ್ಟುಕೊಂಡು ಮತ್ತೆ ಎತ್ತಲು ನಿಂತರು. ಮುರಿದ ಬೋಲ್ಟಿನ ತುಂಡು ಸಂದಿಯಲ್ಲಿ ಇನ್ನೂ ಚಾಚಿಕೊಂಡಿತ್ತು, ಅದನ್ನು ಕಡಿಯಬೇಕಿತ್ತು. ತಾರಿಖ್ ಚಾಣ ಎತ್ತಿಕೊಂಡ. ಜಹೀರ್ ಅದನ್ನು ಕಿತ್ತುಕೊಂಡ.

"ನಿಂಗೆ ಭಯ ಅಲ್ವಾ, ಭಾಯ್?"

"ಭಯ ಕಣೋ. ಕೈಕಾಲೆಲ್ಲ ತಣ್ಣಗಾಗೈತೆ. ಆದ್ರೆ ಮೇಲೆ ಹಿಡ್ಕೊಂಡ್ ನಿಲ್ಲೋ ಭಯ ಐತಲ್ಲ, ಅದು ಇನ್ನೊಂದ್ ಸಲ ನನ್ ಕೈಲಾಗಲ್ಲ. ನೀನ್ ಹಿಡ್ಕೊ."

ಆಮೇಲೆ ಎಷ್ಟೋ ವರ್ಷ ಆ ಶೆಡ್ಡಿನಲ್ಲಿ ಗಾಡಿಯ ಅಡಿಗೆ ಹೋದವನು ಜಹೀರನೇ. ಪ್ರತಿ ಸಲವೂ ನಡುಗಿಕೊಂಡೇ ಹೋದ. ಮೇಲೆ ಹಿಡಿದು ನಿಂತ ತಾರಿಖ್ ಉಸಿರು ಬಿಗಿಹಿಡಿದು ಅಣ್ಣನ ಕುತ್ತಿಗೆಯನ್ನೇ ನೋಡುತ್ತಿದ್ದ.